ಪೈಲ್ಸ್ ಕ್ಯಾನ್ಸರ್ ಆಗುವುದಿಲ್ಲ, ಆದರೆ ರಕ್ತ ಕಂಡರೆ ತೋರಿಸಿ

"ಮೂಲವ್ಯಾಧಿ ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ತಕ್ಷಣ ಆಪರೇಷನ್ ಮಾಡಿಸಿ" ಎನ್ನುವ ಮೆಸೇಜ್ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಗುದದ್ವಾರದ ಒಳಗೆ ರಕ್ತನಾಳಗಳಿರುವ ಮೆತ್ತನೆಯ ದಿಂಬಿನಂಥ ಭಾಗಗಳು ಎಲ್ಲರಿಗೂ ಇರುತ್ತವೆ. ಮಲ, ಗಾಳಿ ಸೋರದಂತೆ ತಡೆಯಲು ಅವು ಬೇಕು. ತಿಣುಕಿ ತಿಣುಕಿ ಅವು ಊದಿಕೊಂಡು ಕೆಳಗೆ ಜಾರಿದರೆ ಅದೇ ಪೈಲ್ಸ್. ಅದು ಕ್ಯಾನ್ಸರ್ ಗಡ್ಡೆಯಾಗಿ ಬದಲಾಗುವುದಿಲ್ಲ.

ಹಾಗಂತ ಸುಮ್ನೆ ಇರಬಹುದಾ? ಇಲ್ಲ. ಜನ ಎಡವುವುದು ಇಲ್ಲೇ. ಪೈಲ್ಸ್‌ನ ರಕ್ತ ಸಾಮಾನ್ಯವಾಗಿ ಕಡುಗೆಂಪಲ್ಲ, ತಾಜಾ ಕೆಂಪು. ಮಲದ ಮೇಲೆ ಗೆರೆಯಂತೆ ಕಾಣುತ್ತದೆ, ಇಲ್ಲವೇ ಕೊನೆಯಲ್ಲಿ ಹನಿಹನಿಯಾಗಿ ಬೀಳುತ್ತದೆ. ಆದರೆ ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತ ಹೋಗಬಹುದು. ಬಣ್ಣ ನೋಡಿ ಮನೆಯಲ್ಲೇ ತೀರ್ಮಾನಿಸಲು ಆಗುವುದಿಲ್ಲ. "ಪೈಲ್ಸ್ ಇರ್ಬೇಕು ಬಿಡಿ" ಅಂತ ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ದಯವಿಟ್ಟು. ಮಲ ಕಪ್ಪಗಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಹೋಗುವ ರೂಢಿಯೇ ಬದಲಾಗಿದ್ದರೆ ಇನ್ನೂ ಬೇಗ ಡಾಕ್ಟರ ಹತ್ತಿರ ಹೋಗಿ.

ಆಪರೇಷನ್ ಎಲ್ಲರಿಗೂ ಬೇಕಿಲ್ಲ. ದಿನಕ್ಕೆ 25ರಿಂದ 30 ಗ್ರಾಂ ನಾರಿನಂಶ, ಸಾಕಷ್ಟು ನೀರು, ಉಗುರುಬೆಚ್ಚಗಿನ ನೀರಿನಲ್ಲಿ 10-15 ನಿಮಿಷ ಕೂರುವುದು. ಇಷ್ಟರಲ್ಲೇ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ನಾರು ಮಾತ್ರ ನಿಧಾನವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಇದಕ್ಕೂ ಬಗ್ಗದ ಒಳಗಿನ ಪೈಲ್ಸ್‌ಗೆ ಬುಡದಲ್ಲಿ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಸಿಗದೆ ಅದು ಕೆಲವು ದಿನಗಳಲ್ಲಿ ಉದುರಿಹೋಗುತ್ತದೆ.

ಟಾಯ್ಲೆಟ್‌ಗೆ ಮೊಬೈಲ್ ಒಯ್ಯಬೇಡಿ. ಕೂತಷ್ಟೂ ಆ ಜಾಗದ ಮೇಲೆ ಒತ್ತಡ ಜಾಸ್ತಿ.