ದೂರ ಹೊರಟ ಹಾಗಿದೆ

ಮಲ್ಲೇಶ್ವರದ ಮಹಡಿಮನೆಯೊಂದರಲ್ಲಿ ಶನಿವಾರ ಸಂಜೆ ನಡೆಯುವ ನಮ್ಮ ಸ್ಪ್ಯಾನಿಷ್ ತರಗತಿಯಲ್ಲಿ ಮೇಡಂ ಪದೇಪದೇ ಆಡುವ ಮಾತೊಂದು ನನಗೆ ಈಚೆಗೆ ಕಿರಿಕಿರಿ ಹುಟ್ಟಿಸತೊಡಗಿದೆ: "ಪ್ರಶ್ನೆ ಸರಿಯಾಗಿದೆ, ಸಹಜವಾಗಿಲ್ಲ." ತಪ್ಪನ್ನಾದರೆ ತಿದ್ದಿಕೊಳ್ಳಬಹುದು, ಸರಿಯಿದ್ದೂ ಸಹಜವಲ್ಲದ್ದನ್ನು ಏನು ಮಾಡುವುದು? "ಸಹಜವಾಗಿ ನಿಲ್ಲಿ" ಎಂದು ಫೋಟೋಗ್ರಾಫರ್ ಹೇಳಿದ ಕೂಡಲೇ ಬಿಗಿದುಕೊಳ್ಳುವ ಮದುಮಕ್ಕಳ ಹಾಗೆ ಇಡೀ ತರಗತಿ ಬಿಗಿದುಕೊಳ್ಳುತ್ತದೆ.

ಮೇಡಂ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ನಮಗೆ 'ಬಂದರು' ಎಂಬುದನ್ನು 'ಬಂದರಾ' ಎಂದರೆ ಸಾಕು, ಕೊನೆಯ ಆಕಾರವೇ ಕೆಲಸ ಮುಗಿಸುತ್ತದೆ, ದನಿ ಎಲ್ಲಿದ್ದರೂ ನಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ 'ಬಿಯೆನೆಸ್ ಮಾನ್ಯಾನ' ಎಂದರೆ ನಾಳೆ ಬರುತ್ತೀಯೆಂಬ ಹೇಳಿಕೆಯೂ ಹೌದು, ಬರುತ್ತೀಯಾ ಎಂಬ ಪ್ರಶ್ನೆಯೂ ಹೌದು. ಕೊನೆಯಲ್ಲಿ ದನಿ ಏರಿತೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ಎಲ್ಲಿ', 'ಯಾವಾಗ' ಎಂದು ಕೇಳುವಾಗಲಾದರೋ ದನಿ ಸಾಮಾನ್ಯವಾಗಿ ಇಳಿಯಬೇಕು. ನಾವು ಏರಬೇಕಾದಲ್ಲಿ ಮಲಗುತ್ತೇವೆ, ಇಳಿಯಬೇಕಾದಲ್ಲಿ ಏರುತ್ತೇವೆ. ಬರೆಯುವವರ ಪಾಡು ವಾಸಿ. ರಾಯಲ್ ಸ್ಪ್ಯಾನಿಷ್ ಅಕಾಡೆಮಿಯು 1754ರಲ್ಲಿ, ಉದ್ದ ವಾಕ್ಯವೊಂದು ಪ್ರಶ್ನೆಯೆಂಬುದು ಓದುಗನಿಗೆ ಅದರ ತುದಿ ಮುಟ್ಟಿದ ಮೇಲೆ ಗೊತ್ತಾಗಬಾರದೆಂದು, ವಾಕ್ಯದ ಮೊದಲಿಗೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯನ್ನು ಇರಿಸಿತು. ನಾಲಗೆಗೆ ಅಂಥ ಅನುಕೂಲವನ್ನು ಯಾವ ಅಕಾಡೆಮಿಯೂ ಮಾಡಿಕೊಟ್ಟಿಲ್ಲ.

ಸಹಜವಾಗಿ ಕೇಳುವುದೆಂದರೆ ನನಗೆ ನೆನಪಾಗುವವರು ಬಸವನಗುಡಿಯ ದೊಡ್ಡಪ್ಪ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆಂದು ಅವರು ಬಲವಾಗಿ ನಂಬಿದ್ದರು. ತಿಳಿದುಕೊಳ್ಳುವ ಚಪಲ ಮಾತ್ರ ಆ ನಂಬಿಕೆಗಿಂತ ಬಲವಾಗಿತ್ತು. ಆದ್ದರಿಂದ ಗೇಟಿನ ಬಳಿ ಬೆತ್ತದ ಕುರ್ಚಿ ಹಾಕಿಕೊಂಡು, ಪೇಪರಿನಿಂದ ತಲೆಯೆತ್ತದೆ, "ದೂರ ಹೊರಟ ಹಾಗಿದೆ" ಎನ್ನುತ್ತಿದ್ದರು. "ಇಲ್ಲೇ ಗಾಂಧಿಬಜಾರಿಗೆ" ಎಂದು ನುಣುಚಿಕೊಳ್ಳಲು ನೋಡಿದವರಿಗೆ "ಚೀಲ ಕಾಣಿಸಲಿಲ್ಲ" ಎಂಬ ಎರಡನೆಯ ಬಾಣ ಕಾದಿರುತ್ತಿತ್ತು. ಒಮ್ಮೆ ಎದುರುಮನೆಯ ದಂಪತಿ ಯಾರಿಗೂ ತಿಳಿಯದಂತೆ ಮಗನಿಗೆ ಹೆಣ್ಣು ನೋಡಲು ಹೊರಟಿದ್ದರು. "ಹೂವೂ ಇದೆ, ಹಣ್ಣೂ ಇದೆ, ಕಾಫಿಪುಡಿಗೆ ಹೊರಟವರಂತೆ ಕಾಣುವುದಿಲ್ಲ" ಎಂದರು ದೊಡ್ಡಪ್ಪ. ಆಟೋದವನನ್ನು ಕಾಯಿಸಿ, ಗೇಟಿಗೆ ಒರಗಿ, ಆ ದಂಪತಿ ಹುಡುಗಿಯ ಗೋತ್ರ, ನಕ್ಷತ್ರ, ಅವಳಪ್ಪನ ಪಿಂಚಣಿ, ಅಣ್ಣನ ಅಂತರ್ಜಾತಿ ವಿವಾಹ ಎಲ್ಲವನ್ನೂ ತಾವಾಗಿಯೇ ಒಪ್ಪಿಸಿದರು. ಆ ಸಂಬಂಧ ಕೂಡಿಬರಲಿಲ್ಲ. ದೊಡ್ಡಪ್ಪನ ಮೇಲೆ ಯಾರೂ ತಪ್ಪು ಹೊರಿಸುವಂತಿರಲಿಲ್ಲ. ಅವರು 'ಎಲ್ಲಿಗೆ' ಎಂದು ಕೇಳಿರಲೇ ಇಲ್ಲ.

ಇಂಥ ಮನೆತನದಲ್ಲಿ ಬೆಳೆದವನಿಗೆ ನಮ್ಮ ಪಠ್ಯಪುಸ್ತಕ ಕಲಿಸುತ್ತಿರುವುದು 'ಗ್ರಂಥಾಲಯ ಎಲ್ಲಿದೆ?', 'ನಿನ್ನ ಪೆನ್ಸಿಲ್ ಯಾವ ಬಣ್ಣದ್ದು?' ಎಂದು ಕೇಳುವುದನ್ನು. ಕಣ್ಣೆದುರಿಗಿರುವ ಪೆನ್ಸಿಲಿನ ಬಣ್ಣ ಕೇಳುವವನಿಗೆ ಸಹಜತೆಯ ಪಾಠ ಬೇರೆ! ಹೇಳುವುದನ್ನು ಹೇಳಿ ಕೊನೆಗೆ 'ನೋ?' ಎಂದೋ 'ಬೆರ್ದಾದ್?' ಎಂದೋ ಅಂಟಿಸಿ, ನಮ್ಮ 'ಅಲ್ವಾ'ದ ಹಾಗೆ ಎದುರಿನವರ ಬಾಯಿ ಬಿಡಿಸುವ ರೂಢಿ ಸ್ಪ್ಯಾನಿಷ್‌ನವರಲ್ಲಿಯೂ ಇದೆ. ಅದನ್ನು ಪುಸ್ತಕದ ಕಟ್ಟಕಡೆಯ ಪಾಠಕ್ಕೆ ತಳ್ಳಿದ್ದಾರೆ.

ನನ್ನ ಪಕ್ಕದಲ್ಲಿ ಕೂರುವ ಹುಡುಗನ ಕಥೆ ಇನ್ನೂ ಅನ್ಯಾಯದ್ದು. ಆಫೀಸಿನ ಕರೆಗಳಲ್ಲಿ ಪೋರ್ಟೊ ರಿಕೊದ ಸಹೋದ್ಯೋಗಿಗಳ ಮಾತನ್ನು ದಿನವೂ ಕೇಳುವ ಅವನು, ನಿನಗೇನು ಬೇಕು ಎಂಬುದನ್ನು ಅವರಂತೆಯೇ 'ಕೆ ತು ಕಿಯೆರೆಸ್' ಎಂದು ಬರೆದ. 'ತು' ಎಂಬುದು ಕ್ರಿಯಾಪದದ ನಂತರ ಬರಬೇಕು, ಇಲ್ಲವೇ ಬರಲೇಬಾರದು ಎಂದು ಮೇಡಂ ಅರ್ಧ ಅಂಕ ಕಳೆದರು. ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಪೋರ್ಟೊ ರಿಕೊಗಳಲ್ಲಿ ಜನರು ಹೀಗೆಯೇ ಕೇಳಿ, ಬೇಕಾದ್ದನ್ನು ತಂದುಕೊಟ್ಟು, ಸುಖವಾಗಿದ್ದಾರೆ. ಅರ್ಧ ಅಂಕ ಹೋಗುವುದು ಮಲ್ಲೇಶ್ವರದಲ್ಲಿ ಮಾತ್ರ.