ವಾಪಸ್ ಬರುವ ಬ್ರೆಡ್

ಬ್ರೆಡ್ ಫ್ಯಾಕ್ಟರಿಯೊಂದರಲ್ಲಿ 4 ವರ್ಷ ಲೆಕ್ಕ ಬರೆದವನು ನಾನು. ಬೆಳಗಿನ ಜಾವ ವ್ಯಾನ್ ತುಂಬಿ ಹೊರಡುವುದನ್ನು ನೀವೂ ನೋಡಿರುತ್ತೀರಿ. ಮಧ್ಯಾಹ್ನ ಅದೇ ವ್ಯಾನ್ ಬಂದಾಗ ಹಿಂದಿನ ಬಾಗಿಲು ತೆಗೆದು ನೋಡಬೇಕು. ಟ್ರೇ ತುಂಬಾ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ, ಮೂರು ನಾಲ್ಕು ದಿನದ ಹಳೇ ಪ್ಯಾಕೆಟ್‌ಗಳು. ನಮ್ಮ ಭಾಷೆಯಲ್ಲಿ ‘ರಿಟರ್ನ್’. ಮಳೆಗಾಲವಾದರೆ ಕವರ್ ಒಳಗೇ ಹಸಿರು ಬೂಷ್ಟು.

‘ಅಷ್ಟು ಜಾಸ್ತಿ ಯಾಕೆ ಮಾಡ್ತೀರಿ’ ಅಂತ ಎಲ್ಲರೂ ಬೇಕರಿಯವರನ್ನೇ ಬೈಯುತ್ತಾರೆ. ನನಗೆ ತೊಡಕು ಕಾಣುವುದು ರಿಟರ್ನ್ ಒಪ್ಪಂದದಲ್ಲೇ. ಉಳಿದದ್ದನ್ನೆಲ್ಲ ಕಂಪನಿ ವಾಪಸ್ ತಗೊಳ್ಳುತ್ತದೆ ಅಂದಮೇಲೆ ಅಂಗಡಿಯವರಿಗೇನು ಚಿಂತೆ? 12 ಹೋಗುವ ಕಡೆ 20 ಇಳಿಸಿಕೊಳ್ಳುತ್ತಾರೆ. ವ್ಯಾನ್‌ನಲ್ಲಿ ಅಂಗಡಿ ಅಂಗಡಿಗೆ ಹೋಗಿ ಮಾಲು ಇಳಿಸುವ ಹುಡುಗನಿಗೂ ಟಾರ್ಗೆಟ್ ಇರುತ್ತದೆ, ಅವನೂ ಖುಷಿಯಿಂದ ಇಳಿಸುತ್ತಾನೆ. ತಿಂಗಳ ಕೊನೆಗೆ ರಿಟರ್ನ್ ಮಿತಿ ಮೀರಿತು ಅಂತ ಅವನ ಕಮಿಷನ್‌ನಲ್ಲೇ ಹಿಡಿಯುತ್ತಿದ್ದರು. ಹಿಡಿದ ಲೆಕ್ಕ ಬರೆಯುತ್ತಿದ್ದವನು ನಾನೇ.

ನಮ್ಮ ಅಯ್ಯಂಗಾರ್ ಬೇಕರಿಗಳನ್ನು ನೋಡಿ. ಹಿಂದೆ ಒಲೆ, ಮುಂದೆ ಗಾಜಿನ ಶೋಕೇಸ್. ಎಷ್ಟು ಉಳಿದಿದೆ ಅಂತ ಕತ್ತು ತಿರುಗಿಸಿದರೆ ಕಾಣುತ್ತದೆ. ಸಂಜೆಗೆ ಎಷ್ಟು ಹಿಟ್ಟು ಕಲೆಸಬೇಕು ಅನ್ನುವುದು ಅಲ್ಲೇ ತೀರ್ಮಾನ. ನಿನ್ನೆಯ ಬ್ರೆಡ್ ಇವತ್ತು ಈರುಳ್ಳಿ, ಕ್ಯಾರೆಟ್ ಮಸಾಲೆ ಹೊತ್ತು ಟೋಸ್ಟ್ ಆಗುತ್ತದೆ. ಇನ್ನೂ ಉಳಿದರೆ ರಸ್ಕ್. ಟೋಸ್ಟ್‌ಗೆ ಒಂದು ದಿನ ಹಳೆಯದೇ ಚೆನ್ನ ಬಿಡಿ, ಬಿಸಿ ಬ್ರೆಡ್ ಹೆಂಚಿನ ಮೇಲೆ ಮುದ್ದೆಯಾಗುತ್ತದೆ. (ತಮಾಷೆ ಏನೆಂದರೆ ಬ್ರೆಡ್‌ಗೆ ಜಿಎಸ್‌ಟಿ ಇಲ್ಲ, ಅದನ್ನೇ ಒಣಗಿಸಿ ರಸ್ಕ್ ಮಾಡಿದರೆ 5%!)

ಫ್ಯಾಕ್ಟರಿ ರಿಟರ್ನ್‌ಗೆ ಈ ದಾರಿ ಇಲ್ಲ. ಯಾವ ಅಂಗಡಿಯ ಬಿಸಿಲಲ್ಲಿ ಕೂತಿತ್ತೋ, ಎಷ್ಟು ಜನ ಹಿಸುಕಿ ನೋಡಿದ್ದರೋ! ಬ್ರೆಡ್ ಬರೀ ಗಟ್ಟಿಯಾಗಿದ್ದರೆ ಅದು ಕೆಟ್ಟಂತಲ್ಲ. ಬೆಂದ ಹಿಟ್ಟಿನ ಪಿಷ್ಟ ಆರಿದ ಮೇಲೆ ಮತ್ತೆ ಬಿಗಿದುಕೊಳ್ಳುತ್ತದೆ, ಅಷ್ಟೇ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ ಬಿಗಿಯುತ್ತದೆ, ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಬೂಷ್ಟಿನ ಕಥೆ ಬೇರೆ. ಮೇಲಿನ ಹಸಿರನ್ನು ಕಿತ್ತು ಹಾಕಿದರೂ ಬೂಷ್ಟಿನ ಎಳೆ ಒಳಗೇ ಇರುತ್ತದೆ.

ಹಾಗಾಗಿ ನಮ್ಮ ರಿಟರ್ನ್ ಎಲ್ಲ ದನ, ಹಂದಿ ಸಾಕುವವರಿಗೆ ಹೋಗುತ್ತಿತ್ತು. ಇಬ್ಬರು ಹೆಂಗಸರು ಗೋಣಿಚೀಲದ ಮೇಲೆ ಕೂತು ಒಂದೊಂದೇ ಕವರ್ ಹರಿಯುತ್ತಿದ್ದರು. ಯಾರಾದರೂ ದಾಟಿಕೊಂಡು ಹೋದರೆ ‘ಅನ್ನ ಕಣ್ರಪ್ಪ ಅದು, ತುಳೀಬೇಡಿ’ ಎಂದು ಗದರುತ್ತಿದ್ದರು. ಬೂಷ್ಟು ಹಿಡಿದದ್ದನ್ನು ಬೇರೆ ಹಾಕಿಸಿ ಎಂದರೆ ಸೂಪರ್‌ವೈಸರ್ ‘ದನಕ್ಕೆ ತಾನೆ’ ಎನ್ನುತ್ತಿದ್ದರು. ಬೂಷ್ಟಿನ ಕೆಲವು ವಿಷ ಹಸುವಿನ ಹಾಲಿಗೂ ಇಳಿಯುತ್ತದೆ ಸ್ವಾಮಿ. ಒಳ್ಳೇ ಬ್ರೆಡ್ಡೇ ಆದರೂ ಒಮ್ಮೆಗೇ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಹಸು ಮೇವು ಬಿಡುತ್ತದೆ.

ಎಷ್ಟು ಮಾಲು ವಾಪಸ್ ಬಂತು, ಅದನ್ನು ಏನು ಮಾಡಿದಿರಿ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಿ ಅಂತ 2024ರ ಡಿಸೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತಯಾರಕರಿಗೆ ಹೇಳಿದೆ. ಒಳ್ಳೆಯದೇ. ಆದರೆ ಅದು ಹಾಳಾದ ಮೇಲಿನ ಲೆಕ್ಕ.

ಅಲ್ಲಿದ್ದಾಗ ಮಾಲೀಕರನ್ನು ಕಾಡಿ ಒಂದು ಪ್ರಯತ್ನ ಮಾಡಿಸಿದ್ದೆ. ರಿಟರ್ನ್ ಇಲ್ಲ, ಬದಲಿಗೆ ಅಂಗಡಿಯವರಿಗೆ ಕಮಿಷನ್ ಸ್ವಲ್ಪ ಜಾಸ್ತಿ. ಒಬ್ಬ ಅಂಗಡಿಯವರು ಮುಖಕ್ಕೇ ಹೇಳಿದರು: ‘ಸಾರ್, ರಾತ್ರಿ ಒಂಬತ್ತಕ್ಕೆ ಬ್ರೆಡ್ ಇಲ್ಲ ಅಂದ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ. ಹಾಲು, ಮೊಟ್ಟೆನೂ ಅಲ್ಲೇ ತಗೋತಾನೆ. ಆ ನಷ್ಟ ನೀವು ಕೊಡ್ತೀರಾ?’

ಉತ್ತರ ಇರಲಿಲ್ಲ. ಆದರೂ ಪಾಪ, ಒಪ್ಪಿಕೊಂಡರು. ದಿನಕ್ಕೆ 14 ಪ್ಯಾಕೆಟ್ ಇಳಿಸಿದೆವು. ಒಂದು ತಿಂಗಳು ಆ ಅಂಗಡಿಯಿಂದ ಒಂದೂ ವಾಪಸ್ ಬರಲಿಲ್ಲ. ಎರಡನೇ ತಿಂಗಳು ಬೇರೆ ಕಂಪನಿಯ ವ್ಯಾನ್ ಬಂದು ‘ಎಷ್ಟು ಬೇಕಾದ್ರೂ ಇಟ್ಕೊಳ್ಳಿ, ಪೂರ್ತಿ ರಿಟರ್ನ್ ತಗೋತೀವಿ’ ಅಂದಿತು. ನಮ್ಮ ಬ್ರೆಡ್ ಇಡುತ್ತಿದ್ದ ಜಾಗದಲ್ಲಿ ಮಾರನೇ ದಿನ ಅವರದು 25 ಪ್ಯಾಕೆಟ್ ಕೂತಿತ್ತು.