ಹೊಲಿಗೆ ಬಾರದವಳಿಗೆ ಹೊಲಿಗೆ ಯಂತ್ರ

ಗೋಕಾಕದಲ್ಲಿ ಇವತ್ತು ಬಡ ಹೆಂಗಸರಿಗೆ ‘ಸ್ವಾವಲಂಬನೆ’ ಹಂಚುವ ಕಾರ್ಯಕ್ರಮ ಇತ್ತು. ತಲೆ ಇನ್ನೂ ಬಿಸಿ ಇದೆ, ಅದಕ್ಕೇ ಬರೀತಿದ್ದೇನೆ.

ಹನ್ನೊಂದಕ್ಕೆ ಬನ್ನಿ ಅಂತ ಕರೆಸಿ ಕೂರಿಸಿದ್ರು. ಸಾಹೇಬರು ಬಂದಿದ್ದು ಒಂದೂವರೆಗೆ. ಆಮೇಲೆ ಹಾರ, ಶಾಲು, ಮತ್ತೆ ಹಾರ. ಒಂದು ಹೊಲಿಗೆ ಯಂತ್ರಕ್ಕೆ ಆರು ಜನ ಗಣ್ಯರು ಕೈ ಹಚ್ಚಿ ನಿಂತರು. ಯಂತ್ರ ತಗೊಳ್ಳೋ ಹೆಂಗಸು ಫೋಟೋದಲ್ಲೇ ಇಲ್ಲ!

ಹೊರಗೆ ಬಂದಾಗ ಅವಳನ್ನೇ ಮಾತಾಡಿಸಿದೆ. “ಅಕ್ಕಾರ, ನನಗ ಹೊಲಿಗಿ ಬರೂದಿಲ್ರಿ. ತಳ್ಳುಗಾಡಿ ಕೊಟ್ಟಿದ್ರ ಕಾಯಿಪಲ್ಲೆ ಮಾರತಿದ್ದೆ” ಅಂದಳು.

ಒಂದು ಮಾತು ಕೇಳೋಕೆ ಏನು ಖರ್ಚಾಗ್ತಿತ್ತು? ಫ್ಲೆಕ್ಸಿಗಿಂತ ಜಾಸ್ತಿಯಂತೂ ಅಲ್ಲ.

‘ಏನೂ ಕೊಡದೆ ಇರೋದಕ್ಕಿಂತ ಇದಾದ್ರೂ ಕೊಟ್ರಲ್ಲ’ ಅನ್ನೋರು ಬರ್ತೀರಿ, ಗೊತ್ತು. ಕೊಡಬೇಡಿ ಅಂದವರ್ಯಾರು? ಕೇಳಿ ಕೊಡಿ ಅಂದೆ, ಅಷ್ಟೆ.

ನಾನು ಹೆಂಗಸರ ಸ್ವಸಹಾಯ ಸಂಘಗಳ ಲೆಕ್ಕ ಬರೆಯೋಳು. ಅಲ್ಲಿ ಚಾಪೆ ಹಾಸಿ, ಠರಾವು ಪುಸ್ತಕ ತೆಗೆದು, ಯಾರಿಗೆ ಮೊದಲು ಸಾಲ ಅಂತ ಜಗಳಾನೇ ಆಗುತ್ತೆ. ಒಬ್ಬಳಿಗೆ ಎಮ್ಮೆ ಬೇಕು, ಇನ್ನೊಬ್ಬಳಿಗೆ ಮಗಳ ಬಾಣಂತನದ ಖರ್ಚು. “ಅಕಿದು ಮೊದಲ ಆಗಲಿ, ನಂದು ಮುಂದ ನೋಡೂಣು” ಅಂತ ಎಮ್ಮೆಯವಳು ಹಿಂದೆ ಸರಿದದ್ದನ್ನ ಕಣ್ಣಾರೆ ಕಂಡಿದ್ದೇನೆ. ಯಾರ ಗಂಡ ಕುಡೀತಾನೆ, ಯಾರು ಸಾಲ ತೀರಿಸ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಸರ್ವೆಗೂ ಗೊತ್ತಾಗಲ್ಲ.

ದೂರ ಯಾಕೆ, ನಮ್ಮ ಘಟಪ್ರಭಾ ಊರನ್ನೇ ನೋಡಿ. ಹೆಣ್ಣುಮಕ್ಕಳನ್ನ ದೇವದಾಸಿ ಅಂತ ದೇವರಿಗೆ ಬಿಡೋದನ್ನು 1982ರ ಕಾನೂನು ನಿಷೇಧಿಸಿತು, ಸರಿ. ಆದರೆ ಆ ಪದ್ಧತಿಯಿಂದ ಹೊರಬಂದವರ ಹೊಟ್ಟೆಪಾಡು? 1997ರಲ್ಲಿ ಆ ಹೆಂಗಸರೇ ಒಟ್ಟಾಗಿ ‘ಮಾಸ್’ ಸಂಸ್ಥೆ ಕಟ್ಟಿಕೊಂಡ್ರು. ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಬೆನ್ನಿಗೆ ನಿಂತಿತ್ತು, ಮುಂದೆ ನಿಂತವರು ಅವರೇ. ಅವರಲ್ಲೊಬ್ಬರಾದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಇನ್ನು ‘ಸಂಘ ಅಂದ್ರೆ ಸಾಲದ ಸುಳಿ’ ಅನ್ನೋರಿಗೆ ಒಂದು ಮಾತು. ಮೈಕ್ರೋಫೈನಾನ್ಸ್‌ನವರು ವಸೂಲಿಗಂತ ಮಾಡೋ ಗುಂಪೇ ಬೇರೆ. ಅವರ ಕಾಟ ತಾಳದೆ ತಾನೇ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿದ್ದು? ಅಲ್ಲಿ ಮೊದಲು ಸಾಲ, ಆಮೇಲೆ ಬೈಗುಳ. ನಮ್ಮಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಬೈಗುಳ ನಮ್ಮಲ್ಲೂ ಇದೆ ಅನ್ನಿ, ಆದ್ರೆ ಮನೆಯವರ ಬೈಗುಳ.

ಕಾಮೆಂಟಿನಲ್ಲಿ ಸುಮ್ನೆ ವಾದ ಮಾಡೋ ಮುಂಚೆ ನಿಮ್ಮ ಓಣಿಯ ಸಂಘದ ಸಭೆಗೆ ಒಂದ್ಸಲ ಹೋಗಿ ಕೂತು ಬನ್ನಿ. ಚಹಾ ಕೊಡ್ತಾರೆ. ತಡವಾಗಿ ಹೋದ್ರೆ ದಂಡಾನೂ ಹಾಕ್ತಾರೆ, ಚಿಲ್ಲರೆ ಇಟ್ಕೊಂಡಿರಿ.